ಕೀಸ್ಟೋನ್ ಪೈಪ್‌ಲೈನ್: ಹೊಲದವರನ್ನು ಕೊನೆಗೆ ಕೇಳಿದ್ದೇಕೆ?

ಮುಂಬಯಿಯ ಚೆಂಬೂರಿನ ಕನ್ನಡ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಹೊತ್ತು ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಅಧ್ಯಕ್ಷರೇ, ಬಳಗದ ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಕೆನಡಾದಿಂದ ಅಮೆರಿಕಕ್ಕೆ ಕಚ್ಚಾ ತೈಲ ಒಯ್ಯಬೇಕೆಂದು ಹೊರಟು, ಹದಿಮೂರು ವರ್ಷದ ಹತ್ತಿರ ಎರಡೂ ದೇಶಗಳನ್ನು ಜಗಳಕ್ಕೆ ಹಚ್ಚಿ, ಕಡೆಗೆ ಆಗದೇ ಹೋದ ಒಂದು ಪೈಪ್‌ಲೈನಿನ ವಿಷಯ ಇವತ್ತು ಹೇಳುತ್ತೇನೆ. ಅದರ ಹೆಸರು ಕೀಸ್ಟೋನ್ ಎಕ್ಸ್‌ಎಲ್. ವಿಷಯ ತಿಳಿಸಿದಾಗ ಕಾರ್ಯದರ್ಶಿಗಳು, "ನಮ್ಮವರಿಗೆ ಅದು ದೂರದ ಮಾತಾಗಲಿಲ್ಲವೇ ಸರ್?" ಎಂದರು. ದೂರವೇನೂ ಅಲ್ಲ. ಚೆಂಬೂರಿನಲ್ಲಿ ಮನೆ ಮಾಡಿದವರಿಗೆ ಮಾಹುಲ್ ಕಡೆಯ ಗಾಳಿ ಬೀಸಿದ ದಿನ ಏನು ವಾಸನೆ ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. 1954ರಲ್ಲಿ ಸ್ಟ್ಯಾನ್‌ವ್ಯಾಕ್ (ಮುಂದೆ ಎಸ್ಸೊ), 1955ರಲ್ಲಿ ಬರ್ಮಾ ಶೆಲ್ ಇಲ್ಲಿ ರಿಫೈನರಿ ತೆರೆದವು. ಈಗ ಅವು ಎಚ್‌ಪಿಸಿಎಲ್ ಮತ್ತು ಬಿಪಿಸಿಎಲ್. ಬಂದರಿನ ನಡುವಿನ ಜವಾಹರ್ ದ್ವೀಪದಲ್ಲಿ ಹಡಗಿನಿಂದ ಇಳಿಯುವ ಕಚ್ಚಾ ತೈಲ ಸಮುದ್ರದ ತಳದ ಪೈಪಿನಲ್ಲಿ ಇಲ್ಲಿಗೆ ಬರುತ್ತದೆ. ಅರಬ್ಬಿ ಸಮುದ್ರದ ಬಾಂಬೆ ಹೈ ಬಾವಿಗಳ ತೈಲ ಉರಣ್ ಮೂಲಕ ಬರುತ್ತದೆ. ಸುದ್ದಿ ಮಾಡದೆ ನಮ್ಮ ಪಕ್ಕದಲ್ಲೇ ಮಲಗಿರುವ ವಸ್ತುವಿನ ಬಗ್ಗೆ ಇನ್ನೊಂದು ದೇಶ ಇಷ್ಟು ವರ್ಷ ಬಾಯಿಬಿಟ್ಟು ವಾದ ಮಾಡಿದೆ ಎಂದರೆ, ಆ ವಾದವನ್ನು ನಾವು ಕೂತು ಕೇಳಬೇಕು.

ನಾನು ಕೆಲಸ ಮಾಡಿದ್ದು ಪೈಪ್‌ಲೈನುಗಳಲ್ಲಿಯೇ. ಹಾಗಾಗಿ ಪೈಪನ್ನು ದೆವ್ವ ಮಾಡಿ ತೋರಿಸಲು ಬಂದಿಲ್ಲ. ತೈಲವನ್ನು ಒಯ್ಯಲೇಬೇಕು ಎಂದಾದರೆ ರೈಲು, ಲಾರಿಗಳಿಗಿಂತ ಪೈಪು ಒಳ್ಳೆಯದು ಎಂದು ಈಗಲೂ ನಂಬಿದ್ದೇನೆ. ಆದರೂ ಕೀಸ್ಟೋನ್ ಎಕ್ಸ್‌ಎಲ್ ನಿಂತದ್ದು ಸರಿಯಾಯಿತು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮೊದಲು ವಸ್ತು ಯಾವುದು ನೋಡೋಣ. ಆಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ, ಅಥಬಾಸ್ಕಾ ನದಿಯ ಸುತ್ತ, ಮರಳಿಗೆ ಅಂಟಿಕೊಂಡ ಬಿಟುಮೆನ್ ಎಂಬ ಡಾಂಬರಿನಂಥ ದಪ್ಪ ತೈಲ ಇದೆ. ಮೇಲುಪದರದಲ್ಲಿ ಇದ್ದದ್ದನ್ನು ಗಣಿಯಂತೆ ಅಗೆಯುತ್ತಾರೆ. ಒಂದು ಬ್ಯಾರೆಲ್ ತೈಲಕ್ಕೆ ಸುಮಾರು ಎರಡು ಟನ್ ಮರಳು ಬೇಕು. ಆಳದಲ್ಲಿರುವುದನ್ನು ತೆಗೆಯಲು ನೆಲದೊಳಕ್ಕೆ ಬಿಸಿ ಹಬೆ ಬಿಟ್ಟು ಕರಗಿಸಿ ಮೇಲೆತ್ತುತ್ತಾರೆ. ಅಲ್ಲಿಯ ಹೆಚ್ಚಿನ ನಿಕ್ಷೇಪ ಇರುವುದು ಹೀಗೆ ಆಳದಲ್ಲೇ. ನಮ್ಮ ಕುಮಟಾ, ಅಂಕೋಲದ ಕಡೆಯವರಿಗೆ ಜೋನಿಬೆಲ್ಲ ಗೊತ್ತು. ಚಳಿಗಾಲದ ಬೆಳಿಗ್ಗೆ ಡಬ್ಬಿ ಬಗ್ಗಿಸಿದರೂ ಅದು ಹೇಗೆ ಇಳಿಯಲು ಒಲ್ಲದೋ ಬಿಟುಮೆನ್ ಕೂಡ ಹಾಗೆಯೇ. ಅದನ್ನು ಪೈಪಿನಲ್ಲಿ ಹರಿಸಲು ಹಗುರ ಹೈಡ್ರೋಕಾರ್ಬನ್ ದ್ರಾವಕ ಬೆರೆಸುತ್ತಾರೆ, ಸುಮಾರು ಏಳು ಪಾಲು ಬಿಟುಮೆನ್‌ಗೆ ಮೂರು ಪಾಲು. ಈ ಮಿಶ್ರಣವನ್ನು ಡಿಲ್‌ಬಿಟ್ ಎನ್ನುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಒಂದು ನದಿಯ ಹತ್ತಿರ ಬೇಕಾಗುತ್ತದೆ.

ಟ್ರಾನ್ಸ್‌ಕೆನಡಾ ಎಂಬ ಕಂಪನಿ 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರಕ್ಕೆ ಅರ್ಜಿ ಹಾಕಿತು. ಆಲ್ಬರ್ಟಾದ ಹಾರ್ಡಿಸ್ಟಿಯಿಂದ ನೆಬ್ರಾಸ್ಕಾದ ಸ್ಟೀಲ್ ಸಿಟಿವರೆಗೆ ಸುಮಾರು 1,900 ಕಿಲೋಮೀಟರ್. ಮುಂಬಯಿಯಿಂದ ಕೋಲ್ಕತ್ತಕ್ಕೆ ರೈಲಿನಲ್ಲಿ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ ದೂರ. 36 ಇಂಚಿನ ಪೈಪು, ದಿನಕ್ಕೆ 8,30,000 ಬ್ಯಾರೆಲ್, ಅಂದರೆ 13 ಕೋಟಿ ಲೀಟರಿಗೂ ಹೆಚ್ಚು. ಅಲ್ಲಿಂದ ಮುಂದೆ ಬೇರೆ ಪೈಪುಗಳಲ್ಲಿ ಅದು ಮೆಕ್ಸಿಕೊ ಕೊಲ್ಲಿಯ ರಿಫೈನರಿಗಳಿಗೆ ಹೋಗಬೇಕಿತ್ತು. ಆ ರಿಫೈನರಿಗಳು ವೆನೆಜುವೆಲಾ ಮತ್ತು ಮೆಕ್ಸಿಕೊದ ದಪ್ಪ ತೈಲಕ್ಕೆಂದು ಯಂತ್ರ ಹೂಡಿದ್ದವು. ಅಲ್ಲಿಂದ ಬರುವುದು ಕಡಿಮೆಯಾಗುತ್ತಿತ್ತು, ಕೆನಡಾದ ದಪ್ಪ ತೈಲ ಅವಕ್ಕೆ ಸರಿಹೊಂದುತ್ತಿತ್ತು. ಕಂಪನಿಯ ಲೆಕ್ಕಾಚಾರದಲ್ಲಿ ಹುರುಳಿತ್ತು.

ಕೆನಡಾದ ಪರವಾಗಿ ಹೇಳಬೇಕಾದದ್ದನ್ನು ಪೂರ್ತಿ ಹೇಳಬೇಕು. ಆಲ್ಬರ್ಟಾಕ್ಕೆ ಸಮುದ್ರ ಇಲ್ಲ. ತೈಲ ಇದೆ, ಹೊರಗೆ ಒಯ್ಯುವ ದಾರಿ ಸಾಲದು. ದಾರಿ ಸಾಲದವನ ಸರಕಿಗೆ ಕೊಳ್ಳುವವನು ಹೇಳಿದ್ದೇ ಬೆಲೆ. 2018ರ ಕೊನೆಗೆ ಅಲ್ಲಿಯ ತೈಲ ಅಮೆರಿಕದ ತೈಲಕ್ಕಿಂತ ಬ್ಯಾರೆಲ್ಲಿಗೆ 40 ಡಾಲರಿಗೂ ಹೆಚ್ಚು ಅಗ್ಗವಾಗಿ ಮಾರಾಟವಾಯಿತು. ಆಲ್ಬರ್ಟಾ ಸರ್ಕಾರ 2019ರ ಜನವರಿಯಿಂದ ದಿನಕ್ಕೆ 3,25,000 ಬ್ಯಾರೆಲ್ ಉತ್ಪಾದನೆ ಇಳಿಸಿ ಎಂದು ತಾನೇ ಆದೇಶ ಕೊಡಬೇಕಾಯಿತು. ಈರುಳ್ಳಿ ಬೆಳೆದು ಲಾಸಲಗಾಂವ್ ಮಾರುಕಟ್ಟೆಯ ಬೆಲೆಗೆ ಕಾದು ಕೂತ ರೈತರ ಸಂಕಟ ನಮಗೆ ಅರ್ಥವಾಗುತ್ತದೆ ಎಂದಾದರೆ, ಇದೂ ಅರ್ಥವಾಗಬೇಕು. ಆಲ್ಬರ್ಟಾ ಮತ್ತು ಸಸ್ಕಾಚೆವಾನ್‌ನ ಕೆಲವು ಮೂಲನಿವಾಸಿ ಸಮುದಾಯಗಳು ಈ ಯೋಜನೆಯಲ್ಲಿ ಪಾಲು ಕೊಳ್ಳಲು ಮುಂದೆ ಬಂದಿದ್ದವು. ಗಡಿಯ ಈಚೆ, ಅಮೆರಿಕದ ದಕ್ಷಿಣ ಡಕೋಟಾದ ರೋಸ್‌ಬಡ್ ಸೂ ಬುಡಕಟ್ಟಿನವರು ಇದೇ ಪೈಪಿನ ವಿರುದ್ಧ ಕೋರ್ಟಿಗೆ ಹೋದರು. ಮೂಲನಿವಾಸಿಗಳೆಲ್ಲ ಒಂದು ಕಡೆ, ಕಂಪನಿ ಇನ್ನೊಂದು ಕಡೆ ಎಂದು ಯಾರಾದರೂ ಹೇಳಿದರೆ ಅವರು ಅರ್ಧ ಮಾತ್ರ ಹೇಳುತ್ತಿದ್ದಾರೆ. ಕಾರ್ಮಿಕ ಸಂಘಗಳೂ ಹಾಗೆಯೇ ಎರಡಾದವು. ಕಟ್ಟಡ ಕೆಲಸದವರ ಸಂಘ ಬೇಕು ಎಂದಿತು, ಬಸ್ಸು-ರೈಲು ಕಾರ್ಮಿಕರ ಸಂಘಗಳು ಬೇಡ ಎಂದವು.

ಉದ್ಯೋಗದ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ 2014ರ ವರದಿಯ ಪ್ರಕಾರ ಕಟ್ಟುವ ಕಾಲದಲ್ಲಿ ನೇರವಾಗಿಯೂ ಸುತ್ತುಬಳಸಿಯೂ ಸೇರಿ ಸುಮಾರು 42,100 ಉದ್ಯೋಗ, ಕಟ್ಟಿದ ಮೇಲೆ ಉಳಿಯುವುದು ಸುಮಾರು 50. ಪೈಪ್‌ಲೈನ್ ಅಂದರೆ ಹಾಗೆಯೇ. ನೆಲ ಅಗೆಯುವಾಗ ಜಾತ್ರೆಯಷ್ಟು ಜನ ಬೇಕು, ಮುಚ್ಚಿದ ಮೇಲೆ ಬೇಕಿಲ್ಲ.

ಹವಾಮಾನದ ವಾದ ದೊಡ್ಡದಾಗಿ ಎದ್ದದ್ದು 2011ರಲ್ಲಿ. ಆ ಆಗಸ್ಟಿನಲ್ಲಿ ಶ್ವೇತಭವನದ ಮುಂದೆ ಎರಡು ವಾರ ಧರಣಿ ನಡೆಯಿತು. ಪರಿಸರ ಬರಹಗಾರ ಬಿಲ್ ಮೆಕಿಬನ್ ಕರೆಗೆ ಬಂದವರಲ್ಲಿ 1,253 ಜನ ಬಂಧನಕ್ಕೆ ಒಳಗಾದರು, ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಕೂಡ. ಅವರ ವಾದ ನೇರವಾದದ್ದು: ಈ ತೈಲ ತೆಗೆಯಲು, ಕರಗಿಸಲು, ಶುದ್ಧಿ ಮಾಡಲು ಬೇರೆ ತೈಲಕ್ಕಿಂತ ಹೆಚ್ಚು ಇಂಧನ ಸುಡಬೇಕು. ನೆಲದಿಂದ ಗಾಡಿಯ ಹೊಗೆಯವರೆಗೆ ಲೆಕ್ಕ ಹಿಡಿದರೆ ಅಮೆರಿಕದಲ್ಲಿ 2005ರಲ್ಲಿ ಬಳಸಿದ ಸರಾಸರಿ ಕಚ್ಚಾ ತೈಲಕ್ಕಿಂತ ಇದರಿಂದ ಶೇ 17ರಷ್ಟು ಹೆಚ್ಚು ಹಸಿರುಮನೆ ಅನಿಲ ಎಂದು ವಿದೇಶಾಂಗ ಇಲಾಖೆಯೇ ಒಪ್ಪಿತು. ಆದರೆ ಪೈಪು ಹಾಕದಿದ್ದರೂ ಈ ತೈಲ ರೈಲಿನಲ್ಲಾದರೂ ಹೊರಗೆ ಬಂದೇ ಬರುತ್ತದೆ ಎಂದೂ ಅದೇ ವರದಿ ಹೇಳಿತು.

ರೈಲಿನಲ್ಲಿ ಬಂದರೆ ಏನಾಗಬಹುದು ಎಂಬುದು ಅಷ್ಟರಲ್ಲೇ ಗೊತ್ತಾಗಿತ್ತು. 2013ರ ಜುಲೈ 6ರ ರಾತ್ರಿ ಕ್ವಿಬೆಕ್‌ನ ಲ್ಯಾಕ್-ಮೆಗಾಂಟಿಕ್ ಎಂಬ ಊರಿನ ನಡುವೆ ತೈಲದ ರೈಲು ಹಳಿ ತಪ್ಪಿ ಹೊತ್ತಿಕೊಂಡಿತು. 47 ಜನ ಸತ್ತರು. ಹಡಗಿನ ಮಾತು ನಮಗೇ ಗೊತ್ತಿದೆ. 2010ರ ಆಗಸ್ಟ್ 7ರಂದು ನಮ್ಮ ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಹಡಗುಗಳು ಡಿಕ್ಕಿ ಹೊಡೆದು ನೂರಾರು ಟನ್ ಎಣ್ಣೆ ನೀರಿಗಿಳಿದಾಗ ರಾಯಗಡದ ಕಡೆಯ ಕಾಂಡ್ಲಾ ಗಿಡಗಳ ಬೇರಿಗೆ ಕಪ್ಪು ಮೆತ್ತಿತ್ತು, ಮೀನು ಕೊಳ್ಳುವವರಿಲ್ಲದೆ ಮೀನು ಮಾರುವ ಕೋಲಿ ಸಮುದಾಯದ ಹೆಂಗಸರು ಖಾಲಿ ಕೂತಿದ್ದರು. ಪೈಪಿನ ಪರವಾಗಿ ಮಾತಾಡುವವರು ಈ ಎರಡನ್ನೂ ಎತ್ತಿ ತೋರಿಸುತ್ತಾರೆ. ನಾನೂ ಎಷ್ಟೋ ಸಲ ತೋರಿಸಿದ್ದೇನೆ.

ಆದರೆ ಆ ಹಡಗುಗಳ ಡಿಕ್ಕಿಗೆ ಹದಿಮೂರು ದಿನ ಮುಂಚೆ, 2010ರ ಜುಲೈ 25ರ ಸಂಜೆ, ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್ ಎಂಬ ಊರಿನ ಹತ್ತಿರ ಎನ್‌ಬ್ರಿಜ್ ಕಂಪನಿಯ 30 ಇಂಚಿನ ಪೈಪು ಒಡೆಯಿತು. ಲೈನ್ 6ಬಿ ಎಂದು ಅದರ ಹೆಸರು. ಒಳಗಿದ್ದದ್ದು ಕೆನಡಾದ ಇದೇ ದಪ್ಪ ತೈಲ. ನಮ್ಮ ವೃತ್ತಿಯವರು ಈ ಘಟನೆಯ ತನಿಖಾ ವರದಿಯನ್ನು ಸಾಲುಸಾಲಾಗಿ ಓದಬೇಕು, ಹೊಸಬರಿಗೆ ಓದಿಸಬೇಕು. ನಿಮಗೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಡೆದದ್ದು ಸಂಜೆ ಆರಕ್ಕೆ ಎರಡು ನಿಮಿಷ ಇರುವಾಗ. ಆ ಹೊತ್ತಿಗೆ ಮೊದಲೇ ಗೊತ್ತುಮಾಡಿದ್ದ ಪ್ರಕಾರ ಲೈನನ್ನು ನಿಲ್ಲಿಸುತ್ತಿದ್ದರು. ಕಂಟ್ರೋಲ್ ರೂಮು ಇದ್ದದ್ದು ಕೆನಡಾದ ಎಡ್ಮಂಟನ್‌ನಲ್ಲಿ. ಅಲ್ಲಿ ಅಲಾರಮ್ ಬಂತು, ಒತ್ತಡ ಇಳಿದಿತ್ತು. ಲೈನು ನಿಲ್ಲಿಸುವಾಗ ಪೈಪಿನ ಎತ್ತರದ ಭಾಗದಲ್ಲಿ ತೈಲದ ನಡುವೆ ಖಾಲಿ ಜಾಗ ಬೀಳುವುದುಂಟು, ಆಗಲೂ ಒತ್ತಡ ಇಳಿದಂತೆ ಕಾಣುತ್ತದೆ. ಕೂತವರು ಅದೇ ಇರಬೇಕು ಎಂದುಕೊಂಡರು. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಪಂಪು ಮತ್ತೆ ಚಾಲೂ ಮಾಡಿದರು, ಒತ್ತಡ ಏರಲಿಲ್ಲ, ನಿಲ್ಲಿಸಿದರು. ಮತ್ತೊಮ್ಮೆ ಚಾಲೂ ಮಾಡಿದರು. ಚೆಲ್ಲಿದ ತೈಲದಲ್ಲಿ ಶೇ 81ರಷ್ಟು ಚೆಲ್ಲಿದ್ದು ಈ ಎರಡು ಸಲ ಪಂಪು ಓಡಿಸಿದಾಗ. ಒಡೆದ ದಿನ ರಾತ್ರಿಯೇ ಊರಿನವರು ವಾಸನೆ ಬರುತ್ತಿದೆ ಎಂದು ತುರ್ತು ಸೇವೆಗೆ ಫೋನು ಮಾಡಿದ್ದರು. ಅಗ್ನಿಶಾಮಕದವರು ಬಂದು ಸುತ್ತಾಡಿ ಏನೂ ಕಾಣದೆ ಹೋಗಿದ್ದರು. ಕಂಪನಿಗೆ ಕಡೆಗೂ ಗೊತ್ತಾದದ್ದು ಮರುದಿನ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ, ಬೇರೊಂದು ಗ್ಯಾಸ್ ಸಂಸ್ಥೆಯ ಕೆಲಸಗಾರ ಹಳ್ಳದಲ್ಲಿ ತೈಲ ಕಂಡು ಫೋನು ಮಾಡಿದಾಗ. ಹದಿನೇಳು ತಾಸು. ಮೂರು ಪಾಳಿಯವರು ಪರದೆಯ ಮುಂದೆ ಕೂತು ಎದ್ದುಹೋಗಿದ್ದರು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಲೆಕ್ಕದಲ್ಲಿ 8,43,000 ಗ್ಯಾಲನ್ ಹರಿದು ಹೋಗಿತ್ತು, ಅಂದರೆ ಸುಮಾರು 32 ಲಕ್ಷ ಲೀಟರ್. ಪೈಪಿನ ಸೀಳು ಆರಡಿ ಎಂಟು ಇಂಚು ಉದ್ದ. ಅಲ್ಲಿ ಬಿರುಕಿದೆ ಎಂದು 2005ರಲ್ಲೇ ಪೈಪಿನೊಳಗೆ ಕಳಿಸಿದ ತಪಾಸಣಾ ಯಂತ್ರ ತೋರಿಸಿತ್ತು. ನಾವು ಅದನ್ನು ಪಿಗ್ ಎನ್ನುತ್ತೇವೆ. ಪಿಗ್ ತನ್ನ ಕೆಲಸ ಮಾಡಿತ್ತು. ಅದರ ಚಾರ್ಟನ್ನು ಓದಿದವರು ಬಿರುಕಿನ ಗಾತ್ರವನ್ನು ಸರಿಯಾಗಿ ಗುರುತಿಸಲಿಲ್ಲ, ಐದು ವರ್ಷ ಯಾರೂ ಅಗೆದು ನೋಡಲಿಲ್ಲ.

ಈಗ ಡಿಲ್‌ಬಿಟ್ ಮಾತಿಗೆ ಬರುತ್ತೇನೆ. ತೈಲ ಟಾಲ್ಮಡ್ಜ್ ಎಂಬ ಹಳ್ಳ ಹಿಡಿದು ಕಲಮಜೂ ನದಿಗೆ ಸೇರಿತು. ತೈಲ ನೀರಿನ ಮೇಲೆ ತೇಲುತ್ತದೆ, ಬೂಮ್ ಎಂಬ ತೇಲುವ ತಡೆ ಹಾಕಿ ನಿಲ್ಲಿಸಿ ಎತ್ತಬಹುದು ಎಂಬುದು ಎಲ್ಲರ ಅಭ್ಯಾಸದ ತಿಳಿವಳಿಕೆ. ಇಲ್ಲಿ ದ್ರಾವಕ ಗಾಳಿಗೆ ಹಾರಿತು, ಉಳಿದ ಬಿಟುಮೆನ್ ಕೆಸರು ಕಚ್ಚಿಕೊಂಡು ನದಿಯ ತಳಕ್ಕೆ ಇಳಿಯಿತು. ತಳ ತೋಡಿ ತೆಗೆಯುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಖರ್ಚು ನೂರು ಕೋಟಿ ಡಾಲರ್ ದಾಟಿತು.

ನೆಬ್ರಾಸ್ಕಾದ ರೈತರು ಈ ಸುದ್ದಿಯನ್ನು ತಮ್ಮ ಅಡುಗೆಮನೆಯ ಟಿವಿಯಲ್ಲಿ ನೋಡುತ್ತಿದ್ದಾಗ ಅವರ ಮನೆಗೆ ಕೀಸ್ಟೋನ್ ಎಕ್ಸ್‌ಎಲ್‌ನ ಕಾಗದಪತ್ರ ಆಗಲೇ ಬರತೊಡಗಿತ್ತು. ಅಲ್ಲಿ ಸ್ಯಾಂಡ್‌ಹಿಲ್ಸ್ ಎಂಬ ಪ್ರದೇಶವಿದೆ. ಹುಲ್ಲು ಹೊದ್ದ ಮರಳು ದಿನ್ನೆಗಳು. ಕೆಳಗೆ ಓಗಲಾಲ ಎಂಬ ಅಂತರ್ಜಲ ಭಂಡಾರ. ಎಂಟು ರಾಜ್ಯಗಳ ಅಡಿಯಲ್ಲಿ ಹಬ್ಬಿದೆ, ಅಮೆರಿಕದಲ್ಲಿ ನೀರಾವರಿಗೆ ಎತ್ತುವ ಅಂತರ್ಜಲದಲ್ಲಿ ಸುಮಾರು ಶೇ 30 ಅದರದ್ದು. ಸ್ಯಾಂಡ್‌ಹಿಲ್ಸ್‌ನಲ್ಲಿ ಕೆಲವೆಡೆ ಆ ನೀರು ಎಷ್ಟು ಮೇಲಿದೆಯೆಂದರೆ ತಗ್ಗಿನಲ್ಲಿ ತಾನಾಗಿಯೇ ಕೆರೆಯಾಗಿ ನಿಂತಿದೆ. ಮೊದಲ ನಕ್ಷೆಯಲ್ಲಿ ಪೈಪು ಇದರ ನಡುವೆಯೇ ಹೋಗುತ್ತಿತ್ತು. ಈ ರೈತರಲ್ಲಿ ಬಹಳ ಜನ ರಿಪಬ್ಲಿಕನ್ ಪಕ್ಷಕ್ಕೆ ವೋಟು ಹಾಕುವವರು, ಪರಿಸರ ಚಳವಳಿ ಎಂದರೆ ದೂರ ನಿಲ್ಲುವವರು. ಅವರು ಕೇಳಿದ್ದು ಒಂದೇ: ಇದು ಸೋರಿದರೆ ನಮ್ಮ ಬಾವಿಯ ಗತಿ ಏನು?

ಈ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕು? ಈ ಮಾತನ್ನು ನೀವು ಸ್ವಲ್ಪ ಗಮನವಿಟ್ಟು ಕೇಳಬೇಕು.

ಗಡಿ ದಾಟುವ ಪೈಪಿಗೆ ಅಮೆರಿಕದ ಅಧ್ಯಕ್ಷರ ಪರ್ಮಿಟ್ ಬೇಕು. ಅವರು ನೋಡುವುದು ರಾಷ್ಟ್ರಹಿತ. ಪೈಪಿನ ಸುರಕ್ಷತೆಗೆ ಕೇಂದ್ರದ ಒಂದು ಸಂಸ್ಥೆ ಇದೆ, ಪಿಎಚ್‌ಎಂಎಸ್‌ಎ. ಅದು ಉಕ್ಕಿನ ದಪ್ಪ, ವೆಲ್ಡಿಂಗ್, ಒತ್ತಡ ಎಲ್ಲ ನೋಡುತ್ತದೆ, ಪೈಪು ಯಾರ ಹೊಲದಲ್ಲಿ ಹೋಗಬೇಕು ಎಂದು ಹೇಳುವ ಅಧಿಕಾರ ಅದಕ್ಕೆ ಇಲ್ಲ. ದಾರಿ ನಿರ್ಧರಿಸುವುದು ನೆಬ್ರಾಸ್ಕಾದ ಸಾರ್ವಜನಿಕ ಸೇವಾ ಆಯೋಗ. ಆದರೆ ಅಲ್ಲಿಯ ಕಾನೂನು ಆಯೋಗಕ್ಕೆ ಹೇಳುತ್ತದೆ: ಸುರಕ್ಷತೆಯನ್ನು, ಸೋರಿಕೆಯ ಅಪಾಯವನ್ನು ನೀವು ಪರಿಗಣಿಸುವಂತಿಲ್ಲ, ಅದು ಕೇಂದ್ರದ ವಿಷಯ. ದಾರಿ ನೋಡುವವರು ಸೋರಿಕೆ ನೋಡುವಂತಿಲ್ಲ, ಸೋರಿಕೆ ನೋಡುವವರು ದಾರಿ ನೋಡುವಂತಿಲ್ಲ. ಈ ಪೈಪು ಈ ಬಾವಿಯ ಪಕ್ಕ ಬೇಕೇ ಎಂದು ಕೇಳಿ, ಬೇಡ ಎನ್ನುವ ಅಧಿಕಾರ ಇರುವ ಒಂದೇ ಒಂದು ಮೇಜು ಆ ದೊಡ್ಡ ದೇಶದಲ್ಲಿ ಇರಲಿಲ್ಲ. ಪರಿಸರ ವರದಿಗಳಲ್ಲಿ ಸೋರಿಕೆಯ ಅಧ್ಯಾಯಗಳಿದ್ದವು, ನಿಜ. ವರದಿಯಲ್ಲಿ ಅಧ್ಯಾಯ ಇರುವುದು ಬೇರೆ, ತೀರ್ಪು ಕೊಡುವವರು ಅದನ್ನು ಆಲಿಸಲೇಬೇಕಾಗುವುದು ಬೇರೆ. ನನ್ನ ಇಡೀ ಮಾತು ನಿಂತಿರುವುದು ಇದರ ಮೇಲೆ.

ರೈತರ ಗದ್ದಲಕ್ಕೆ 2011ರ ನವೆಂಬರಿನಲ್ಲಿ ನೆಬ್ರಾಸ್ಕಾ ಶಾಸನಸಭೆ ವಿಶೇಷ ಅಧಿವೇಶನ ಸೇರಿತು. ದಾರಿ ಸ್ಯಾಂಡ್‌ಹಿಲ್ಸ್‌ನಿಂದ ಪಕ್ಕಕ್ಕೆ ಸರಿಯಿತು. ಅದು ಅವರ ಗೆಲುವು, ಅರ್ಧ ಗೆಲುವು. ಮರುವರ್ಷ ಇನ್ನೊಂದು ಕಾನೂನು ಮಾಡಿ, ಆಯೋಗವನ್ನು ಬಿಟ್ಟು ನೇರವಾಗಿ ರಾಜ್ಯಪಾಲರೇ ದಾರಿಗೆ ಒಪ್ಪಿಗೆ ಕೊಡಬಹುದು ಎಂದರು. ಅಲ್ಲಿ ರಾಜ್ಯಪಾಲರೆಂದರೆ ಜನ ಆರಿಸಿದ ಮುಖ್ಯಸ್ಥರು. ಡೇವ್ ಹೈನ್‌ಮನ್ 2013ರಲ್ಲಿ ಒಪ್ಪಿಗೆ ಕೊಟ್ಟರು. ರೈತರು ಕೋರ್ಟಿಗೆ ಹೋದರು. 2015ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದರು. ಆದರೆ ಅಲ್ಲಿ ಒಂದು ಕಾನೂನನ್ನು ರದ್ದು ಮಾಡಲು ಐವರು ಬೇಕು. ಬಹುಮತ ರೈತರ ಪರವಾಗಿದ್ದೂ ಕಾನೂನು ಉಳಿಯಿತು. ಒಪ್ಪಿಗೆ ಕೊಡದವರ ಜಮೀನನ್ನು ಕಡ್ಡಾಯವಾಗಿ ಪಡೆಯುವ ಪ್ರಕ್ರಿಯೆಯನ್ನು ಕಂಪನಿ ಅದೇ ತಿಂಗಳು ಶುರು ಮಾಡಿತು.

ಮುಂದಿನದು ನಿಮಗೆ ಪೇಪರಿನಲ್ಲಿ ಗೊತ್ತಿರುವ ಕಥೆ, ಬೇಗ ಹೇಳುತ್ತೇನೆ. 2015ರ ನವೆಂಬರ್ 6ರಂದು ಒಬಾಮಾ ಪರ್ಮಿಟ್ ನಿರಾಕರಿಸಿದರು. 2017ರಲ್ಲಿ ಟ್ರಂಪ್ ಕೊಟ್ಟರು. ಆ ನವೆಂಬರಿನಲ್ಲಿ ನೆಬ್ರಾಸ್ಕಾದ ಆಯೋಗ ಮೂರಕ್ಕೆ ಎರಡು ಮತದಿಂದ ಬೇರೊಂದು ದಾರಿಗೆ ಒಪ್ಪಿತು. 2018ರಲ್ಲಿ ಮೊಂಟಾನಾದ ನ್ಯಾಯಾಧೀಶ ಬ್ರಯಾನ್ ಮಾರಿಸ್ ಕೆಲಸ ತಡೆದರು. ಹೊಸ ಸೋರಿಕೆಗಳ ಮಾಹಿತಿಯನ್ನು ಸರ್ಕಾರ ಸರಿಯಾಗಿ ನೋಡಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. 2019ರಲ್ಲಿ ಟ್ರಂಪ್ ಹೊಸ ಪರ್ಮಿಟ್ ಬರೆದರು. 2020ರಲ್ಲಿ ಆಲ್ಬರ್ಟಾ ಸರ್ಕಾರ ಜನರ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಹಾಕಿತು, ಗಡಿಯಲ್ಲಿ ಎರಡು ಕಿಲೋಮೀಟರಿನಷ್ಟು ಪೈಪೂ ನೆಲಕ್ಕಿಳಿಯಿತು. 2021ರ ಜನವರಿ 20ರಂದು, ಅಧಿಕಾರ ಹಿಡಿದ ದಿನವೇ, ಬೈಡನ್ ಪರ್ಮಿಟ್ ರದ್ದು ಮಾಡಿದರು. ಜೂನ್ 9ರಂದು ಕಂಪನಿ ಕೈಬಿಟ್ಟಿತು. ತನಗಾದ ನಷ್ಟಕ್ಕೆ ಅಮೆರಿಕ ಸರ್ಕಾರದಿಂದ 1,500 ಕೋಟಿ ಡಾಲರ್ ಬೇಕೆಂದು ಅದು ಹೂಡಿದ ದಾವೆ 2024ರಲ್ಲಿ ಬಿದ್ದುಹೋಯಿತು. ಹಾಗಂತ ಮಾತು ಮುಗಿದಿಲ್ಲ, 2025ರಲ್ಲಿ ಟ್ರಂಪ್ ಇದನ್ನು ಮತ್ತೆ ಕಟ್ಟಬೇಕೆಂದು ಹೇಳಿದರು.

ಐವತ್ತು ವರ್ಷ ನೆಲದಲ್ಲಿ ಇರಬೇಕಾದ ಪೈಪಿಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ಸಹಿ ಬೀಳುತ್ತದೆ, ಇನ್ನೊಂದು ಸಹಿ ಅಳಿಸುತ್ತದೆ. ಇದು ಕಂಪನಿಗೂ ನ್ಯಾಯವಲ್ಲ, ಆಲ್ಬರ್ಟಾದ ಕೆಲಸಗಾರನಿಗೂ ನ್ಯಾಯವಲ್ಲ. ಹೊಲದವರ ಪ್ರಶ್ನೆಗೆ 2008ರಲ್ಲೇ ಒಂದು ಮೇಜು ಇದ್ದಿದ್ದರೆ ಉತ್ತರ ಹೌದೋ ಅಲ್ಲವೋ, ಮೂರು ವರ್ಷದಲ್ಲಿ ಸಿಗುತ್ತಿತ್ತು ಎಂದು ನನಗನಿಸುತ್ತದೆ.

ರೈತರ ಭಯ ಅತಿಯಾದದ್ದು ಎಂದು ನಮ್ಮ ವೃತ್ತಿಯ ಕೆಲವರು ಹೇಳುತ್ತಿದ್ದರು. ಅದೇ ಕಂಪನಿ ಕಟ್ಟಿದ, 2010ರಿಂದ ಓಡುತ್ತಿರುವ ಹಳೆಯ ಕೀಸ್ಟೋನ್ ಪೈಪನ್ನೇ ನೋಡಿ. ಅಮೆರಿಕದ ಲೆಕ್ಕಪರಿಶೋಧನಾ ಕಚೇರಿ 2021ರಲ್ಲಿ ಕೊಟ್ಟ ವರದಿಯಲ್ಲಿ 2020ರವರೆಗೆ 22 ಅಪಘಾತಗಳ ಲೆಕ್ಕವಿದೆ. ದೊಡ್ಡ ನಾಲ್ಕಕ್ಕೂ ಕಾರಣ ವಿನ್ಯಾಸದಲ್ಲೋ, ಪೈಪು ತಯಾರಿಕೆಯಲ್ಲೋ, ಕಟ್ಟುವಾಗಲೋ ಆದ ದೋಷ. ಅಂದರೆ ಹೊಸ ಪೈಪು. ತುಕ್ಕು ಹಿಡಿದ ಮುದಿ ಪೈಪಲ್ಲ. ಆ ವರದಿಯ ಮರುವರ್ಷ, 2022ರ ಡಿಸೆಂಬರಿನಲ್ಲಿ, ಕಾನ್ಸಾಸ್‌ನಲ್ಲಿ ಅದೇ ಲೈನು ಒಡೆದು ಸುಮಾರು 13,000 ಬ್ಯಾರೆಲ್ ಚೆಲ್ಲಿತು, ಒಂದು ಹಳ್ಳಕ್ಕೆ.

ಇನ್ನೊಂದು ವಿಷಯ ಸಾಮಾನ್ಯರಿಗೆ ಹೇಳುವವರು ಕಡಿಮೆ. ಕಂಪ್ಯೂಟರ್ ಸೋರಿಕೆ ಹಿಡಿಯುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಮಿತಿ ಇದೆ. ಹರಿಯುವ ತೈಲದ ಶೇ 1.5 ಅಥವಾ 2ಕ್ಕಿಂತ ಕಡಿಮೆ ಸೋರಿದರೆ ಪರದೆಯ ಮೇಲೆ ಅದು ಕಾಣದೇ ಹೋಗಬಹುದು. ಕೀಸ್ಟೋನ್ ಎಕ್ಸ್‌ಎಲ್‌ಗೆ ಶೇ 1.5 ಅಂದರೆ ದಿನಕ್ಕೆ 12,000 ಬ್ಯಾರೆಲ್ಲಿಗೂ ಹೆಚ್ಚು. ಅದನ್ನು ಕಂಡುಹಿಡಿಯಬೇಕಾದವರು ನೆಲದ ಮೇಲಿನ ಮನುಷ್ಯರು. ನಮ್ಮಲ್ಲಿ ಪೈಪಿನ ದಾರಿಯುದ್ದಕ್ಕೂ ನಡೆದು ನೋಡುವ ಲೈನ್‌ವಾಕರ್ ಎಂಬ ಕೆಲಸಗಾರರು ಇದ್ದಾರೆ. ಖೋಪೋಲಿ ಘಟ್ಟದ ಬುಡದಲ್ಲಿ ಅಂಥವರೊಬ್ಬರ ಜೊತೆ ನಡೆದಿದ್ದೇನೆ. ಕೈಯಲ್ಲಿ ಕೋಲು, ಸೊಂಟದಲ್ಲಿ ಜಿಪಿಎಸ್ ಯಂತ್ರ, ತಲೆಗೆ ಕಟ್ಟಿದ ಟವೆಲ್. ಮಳೆ ಮುಗಿದ ತಿಂಗಳು, ಸುತ್ತ ಎದೆಮಟ್ಟ ಹಸಿರು. ಅವರು ನಿಂತರು. ಕೋಲಿನಿಂದ ಹುಲ್ಲು ಸರಿಸಿದರು. ಚಪಾತಿ ಹಂಚಿನಷ್ಟು ಅಗಲದ ಜಾಗದಲ್ಲಿ ಹುಲ್ಲು ಕಂದಿತ್ತು. ಕೂತು ಮಣ್ಣು ಹಿಡಿದು ಮೂಸಿದರು, ನನಗೂ ಮೂಸಲು ಕೊಟ್ಟರು. "ತೈಲ ಅಲ್ಲ ಸಾಹೇಬರೇ, ಯಾರೋ ಬೆಂಕಿ ಹಾಕಿದ್ದಾರೆ" ಎಂದು ಎದ್ದರು. ಅವರು ಗುತ್ತಿಗೆ ನೌಕರರು. ಕೋಟಿಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಹಿಡಿಯದ್ದನ್ನು ಹಿಡಿಯುವ ಮನುಷ್ಯನಿಗೆ ಕಾಯಂ ನೌಕರಿ ಕೊಡಲು ನಮ್ಮ ಉದ್ಯಮಕ್ಕೆ ಕೈ ಬರುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಮಾತು ಮುಗಿದ ಮೇಲೆ ಮುಲುಂಡಿನಿಂದ ಬಂದಿದ್ದ ಒಬ್ಬ ಅಕ್ಕ ಕೇಳಿದರು: "ಪೈಪು ನಿಂತರೂ ಆ ತೈಲ ನಿಂತಿಲ್ಲವಲ್ಲ, ಹೋರಾಡಿ ಬಂದದ್ದೇನು?"

ತೈಲ ನಿಂತಿಲ್ಲ, ಅದು ನಿಜ ಅಕ್ಕ. ಕೆನಡಾದಿಂದ ಅಮೆರಿಕಕ್ಕೆ ಈಗ ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಹೋಗುತ್ತದೆ. 2021ರಲ್ಲಿ ಎನ್‌ಬ್ರಿಜ್ ತನ್ನ ಲೈನ್ 3ನ್ನು ಹೊಸದಾಗಿ ಹಾಕಿತು. ಕೆನಡಾ ಸರ್ಕಾರ 2018ರಲ್ಲಿ ತಾನೇ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ ಕೊಂಡು, 3,400 ಕೋಟಿ ಕೆನಡಾ ಡಾಲರಿನಷ್ಟು ಸುರಿದು ವಿಸ್ತರಿಸಿ, 2024ರ ಮೇ ತಿಂಗಳಲ್ಲಿ ಚಾಲೂ ಮಾಡಿತು. ಅದು ಪೆಸಿಫಿಕ್ ಕರಾವಳಿಗೆ ಹೋಗುತ್ತದೆ. ಅದೇ ವರ್ಷ ಆ ತೈಲದ ಒಂದು ಹಡಗನ್ನು ನಮ್ಮ ರಿಲಯನ್ಸ್ ಕೊಂಡ ಸುದ್ದಿಯೂ ಬಂದಿತ್ತು. ಕಾರ್ಬನ್ ಲೆಕ್ಕ ಮಾತ್ರ ಹಿಡಿದರೆ ಒಂದು ಪೈಪು ನಿಲ್ಲಿಸಿ ಗೆದ್ದೆವೆಂದು ಹೇಳಲಾಗದು. ತೈಲದ ಬಳಕೆ ಇಳಿಯದೆ ತೈಲದ ಸಾಗಣೆ ಇಳಿಯುವುದಿಲ್ಲ. ಆದರೆ ನೆಬ್ರಾಸ್ಕಾದವರು ಬಾವಿಯ ಮಾತು ಎತ್ತಿ, ಪೈಪು ಹಾಕುವ ಮೊದಲೇ ದಾರಿ ತಿರುಗಿಸಿದರು. ಹಾಕಿದ ಪೈಪು ಮುಂದೆ ದೇಶದ ರಾಜಕೀಯವನ್ನೇ ಹಿಡಿದಿಡುತ್ತದೆ ಎಂಬುದಕ್ಕೆ ಯುರೋಪನ್ನು ನೋಡಿ. 2022ರಲ್ಲಿ ರಷ್ಯದ ತೈಲ ಬೇಡ ಎಂದಾಗಲೂ ಹಂಗೇರಿ, ಸ್ಲೊವಾಕಿಯಾಗಳಿಗೆ ವಿನಾಯಿತಿ ಕೊಡಬೇಕಾಯಿತು, ಅವರ ರಿಫೈನರಿಗಳು ಸೋವಿಯತ್ ಕಾಲದ ದ್ರುಜ್ಬಾ ಪೈಪಿಗೆ ಕಟ್ಟಿಬಿದ್ದಿದ್ದವು. ಹಾಕುವ ಮೊದಲು ಕೇಳಿದರಷ್ಟೇ ಕೇಳಿದ್ದು.

ಬೆಳಗಾವಿ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. ಅವರ ತಮ್ಮ ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾರೆ. "ನಮ್ಮ ಹೊಲದಾಗ ನಾಳೆ ಪೈಪ್ ಬಂದ್ರ ನಾವು ಯಾರನ್ನ ಕೇಳಬೇಕ್ರೀ?"

ಕಾಕಾ, ನಮ್ಮಲ್ಲಿ ಇದಕ್ಕೆ 1962ರ ಕಾನೂನು ಇದೆ. ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನುಗಳಿಗಾಗಿ ಜಮೀನಿನ ಬಳಕೆಯ ಹಕ್ಕು ಪಡೆಯುವ ಕಾನೂನು. ಜಮೀನು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಬೆಳೆ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ಹಾಕುವಂತಿಲ್ಲ. ಇಲ್ಲಿ ಮಹಾರಾಷ್ಟ್ರದಲ್ಲಾದರೆ ಸಾತ್‌ಬಾರಾ ಉತಾರದ, ಅಂದರೆ ಪಹಣಿಯ, ಇತರ ಹಕ್ಕು ಕಾಲಮ್ಮಿನಲ್ಲಿ ಕಂಪನಿಯ ಹೆಸರು ಸೇರುತ್ತದೆ. ಇದಕ್ಕೆ ಕಾನೂನು ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ 10, ಬೆಳೆ-ಮರ ಹಾನಿ ಬೇರೆ. ಆಕ್ಷೇಪಣೆಗೆ ಅಧಿಸೂಚನೆಯ ನಂತರ 21 ದಿನ. ಅಧಿಸೂಚನೆ ಹೊರಡುವುದು ಗೆಜೆಟ್ಟಿನಲ್ಲಿ, ಊರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದರಲ್ಲಿ ಎಷ್ಟೋ ದಿನ ಕಳೆದಿರುತ್ತವೆ. ಆದ್ದರಿಂದ ತಮ್ಮನಿಗೆ ಹೇಳಿ: ಸರ್ವೆಯವರು ಊರಲ್ಲಿ ಗೂಟ ಹೊಡೆಯುವುದು ಕಂಡ ದಿನವೇ ಎಚ್ಚರವಾಗಲಿ, ನೋಟಿಸಿಗೆ ಕಾಯುವುದು ಬೇಡ. ಬಾವಿ, ಬೋರ್‌ವೆಲ್, ಹಳ್ಳ ಎಲ್ಲಿವೆ ಎಂದು ಸರ್ವೆ ನಂಬರ್ ಹಾಕಿ ನಕ್ಷೆ ಬರೆಯಲಿ. ಅದನ್ನು ಲಗತ್ತಿಸಿ ಸಕ್ಷಮ ಪ್ರಾಧಿಕಾರಕ್ಕೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಲಿ. ಒಬ್ಬನೇ ಹೋಗದೆ ದಾರಿಯುದ್ದದ ಹೊಲದವರನ್ನೆಲ್ಲ ಕರೆದುಕೊಂಡು ಹೋಗಲಿ. ಪೈಪು ಬಂದದ್ದೇ ಆದರೆ ಗುರುತಿನ ಕಂಬದ ಮೇಲಿನ ತುರ್ತು ಫೋನ್ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಲಿ, ಮಕ್ಕಳಿಗೂ ಗೊತ್ತಿರಲಿ.

ಈ 21 ದಿನ ಮತ್ತು ಈ ಶೇ 10, ಎರಡೂ ಬದಲಾಗಬೇಕು. ನೀರಿನ ಮೂಲದ ಪ್ರಶ್ನೆಯನ್ನು ದಾರಿ ನಿರ್ಧರಿಸುವವರೇ ಕೇಳಿ, ಬರಹದಲ್ಲಿ ಉತ್ತರಿಸಬೇಕು ಎಂಬುದೂ ಆ ಕಾನೂನಿಗೆ ಸೇರಬೇಕು. ನಮ್ಮ ಬಳಗದಲ್ಲಿ ವಕೀಲರಿದ್ದಾರೆ, ರಿಫೈನರಿಯಲ್ಲಿ ದುಡಿದವರಿದ್ದಾರೆ, ಊರಲ್ಲಿ ಹೊಲ ಇರುವವರಂತೂ ಇದ್ದೇ ಇದ್ದಾರೆ. ಎಲ್ಲ ಕೂತು ಒಂದು ಮನವಿ ಬರೆಯೋಣ, ತಾಂತ್ರಿಕ ಭಾಗ ನಾನು ಬರೆದು ಕೊಡುತ್ತೇನೆ.